ಕಂಡೆವು ಎನ್ನುವ ಊರು

ಆ ಊರಿನಲ್ಲಿ ಯಾರೂ ಯಾರಿಗೂ ಗುಟ್ಟಾಗಿ ಒಳ್ಳೆಯದು ಮಾಡುವಂತಿರಲಿಲ್ಲ.

ಊರ ನಡುವೆ ಒಂದು ಚಾವಡಿ. ಚಾವಡಿಯ ತೊಲೆಗೆ ಒಂದು ಜಾಗಟೆ. ಒಳ್ಳೆಯ ಕೆಲಸ ಮಾಡಬೇಕೆನಿಸಿದವರು ಮೊದಲು ಹೋಗಿ ಜಾಗಟೆ ಬಾರಿಸಬೇಕು. ಸದ್ದು ಕೇಳಿ ಮೂವರು ಸಾಕ್ಷಿಗಳು ಬರುತ್ತಿದ್ದರು: ಕೋಲು ಹಿಡಿದ ಹಿರಿಯ, ಗಾಣದವನು, ನೇಯುವವಳು. ಆ ಮೂವರ ಎದುರು ನೀರು ಕೊಡುವವರು ನೀರು ಕೊಡುತ್ತಿದ್ದರು, ಕೈ ಹಿಡಿಯುವವರು ಕೈ ಹಿಡಿಯುತ್ತಿದ್ದರು. ಆಮೇಲೆ "ಕಂಡಿರಾ?" ಎಂದು ಕೇಳುತ್ತಿದ್ದರು. "ಕಂಡೆವು" ಎಂದು ಮೂವರೂ ಹೇಳುತ್ತಿದ್ದರು. ಹಿರಿಯ ಒಳ್ಳೆಯದು ಮಾಡಿದವರ ಹಣೆಗೆ ಅರಿಸಿನದ ಬೊಟ್ಟು ಇಡುತ್ತಿದ್ದ. ಅಲ್ಲಿಗೆ ಒಳ್ಳೆಯದು ಒಳ್ಳೆಯದಾಗುತ್ತಿತ್ತು.

ಅರಿಸಿನ ಎಷ್ಟು ದಿನ ನಿಂತೀತು? ನಾಲ್ಕು ಸಲ ಮುಖ ತೊಳೆದರೆ ಹೋಗುತ್ತದೆ. ಹಣೆ ಬರಿದಾದವರನ್ನು ಜನ ಓರೆಗಣ್ಣಿನಿಂದ ನೋಡುತ್ತಿದ್ದರು. ಹಾಗಾಗಿ ಆ ಊರಿನಲ್ಲಿ ಎಲ್ಲರೂ ಯಾರಾದರೂ ಬೀಳಲೆಂದು ಕಾಯುತ್ತಿದ್ದರು.

ಒಮ್ಮೆ ಒಬ್ಬ ಮುದುಕ ಚಾವಡಿಯ ಮೆಟ್ಟಿಲಿನಿಂದ ಜಾರಿ ಬಿದ್ದ. ಕುಂಬಾರನೂ ಅಕ್ಕಿ ಮಾರುವವನೂ ಒಟ್ಟಿಗೇ ಜಾಗಟೆಗೆ ಕೈ ಹಾಕಿದರು.

"ಮೊದಲು ನೋಡಿದ್ದು ನಾನು ಕಣಯ್ಯ," ಎಂದ ಕುಂಬಾರ.

"ನೋಡಿದ್ದು ನೀನು, ಓಡಿ ಬಂದಿದ್ದು ನಾನು. ನಿನ್ನೆ ಕುರುಡಿಯನ್ನು ದಾಟಿಸಿದೆಯಲ್ಲ, ಇನ್ನೂ ಹಣೆ ಹಳದಿ ಇದೆ. ಒಬ್ಬನೇ ಎಷ್ಟು ಒಳ್ಳೆಯವನಾಗ್ತೀಯ?"

"ನನಗೆ ಕಾಲು ಬೇಡ, ತಲೆ ಕೊಡು. ನೀನು ಕಾಲು ಎತ್ತು."

ಬಿದ್ದ ಮುದುಕ ಕೆಳಗಿನಿಂದ, "ಅಪ್ಪಾ, ಯಾರಾದರೂ ಎತ್ತಿ, ಇಲ್ಲವೆ ನಾನೇ ಎದ್ದುಬಿಡ್ತೀನಿ," ಎಂದ.

"ಸುಮ್ನೆ ಬಿದ್ದಿರು ತಾತ," ಎಂದರು ಇಬ್ಬರೂ. "ಸಾಕ್ಷಿ ಬರಲಿ."

ಎದ್ದುಬಿಟ್ಟರೆ ಅವನು ಇನ್ನೊಬ್ಬರ ಒಳ್ಳೆಯತನವನ್ನು ಕೆಡಿಸಿದವನಾಗುತ್ತಿದ್ದ. ಆದ್ದರಿಂದ ಮುದುಕ ಸುಮ್ಮನೆ ಬಿದ್ದಿದ್ದ.

ಗುಟ್ಟಾಗಿ ಒಳ್ಳೆಯದು ಮಾಡಿದವರಿಗೆ ಊರು ಹೆದರುತ್ತಿತ್ತು. ಕಳ್ಳನಿಗೆ ಇಷ್ಟು ಹೆದರುತ್ತಿರಲಿಲ್ಲ. ಕಳ್ಳನಿಗೆ ಏನು ಬೇಕು ಎಂದು ಗೊತ್ತಿರುತ್ತದೆ. ಯಾರೂ ನೋಡದಾಗ ಕೊಟ್ಟುಹೋದವರಿಗೆ ಏನು ಬೇಕು? ಅದು ಯಾರಿಗೂ ಗೊತ್ತಿರಲಿಲ್ಲ. ಬಿಲ ಯಾವುದೆಂದು ತಿಳಿಯದ ಹಾವಿನ ಹಾಗೆ ಅಂಥ ಒಳಿತು ಊರ ತುಂಬ ಹರಿದಾಡುತ್ತದೆ, ಎಂದೋ ಒಂದು ದಿನ ತಲೆ ಎತ್ತುತ್ತದೆ ಎಂದು ಹಿರಿಯ ಹೇಳುತ್ತಿದ್ದ.

ಒಂದು ವರ್ಷ ಊರಿಗೆ ಜ್ವರ ಬಂತು. ಜ್ವರ ಬಂದ ಮನೆಗಳ ಹೊಸ್ತಿಲಲ್ಲಿ ಪ್ರತಿ ಬೆಳಗ್ಗೆ ಒಂದೊಂದು ಕುಡಿಕೆ ಗಂಜಿ ಇರುತ್ತಿತ್ತು. ಜನ ಕುಡಿದರು, ಬದುಕಿದರು. ಬದುಕಿದ ಮೇಲೆ ಹೆದರಿದರು. ಯಾರ ಗಂಜಿ? ಯಾಕೆ ಕೊಟ್ಟರು? ಹೊಟ್ಟೆಯೊಳಗೆ ಹೋದದ್ದನ್ನು ಈಗ ಹೊರಗೆ ತೆಗೆಯುವುದು ಹೇಗೆ? ಹುಡುಕಿದರು. ಕುಡಿಕೆಯ ಕಂಠಕ್ಕೆ ಕಟ್ಟಿದ್ದ ಬಾಳೆನಾರಿನ ಗಂಟು ನೋಡಿ ಹೂ ಕಟ್ಟುವವಳನ್ನು ಹಿಡಿದರು. ಎಳೆ ಹೆಂಗಸು, ಮೂರು ತಿಂಗಳ ಬಸುರಿ.

ಅವಳನ್ನು ಹೊಡೆಯಲಿಲ್ಲ, ಬೈಯಲಿಲ್ಲ, ಊರು ಬಿಡಿಸಲಿಲ್ಲ. ಚಾವಡಿಯ ಮುಂದೆ ನಿಲ್ಲಿಸಿದರು. "ಕಾಣದ ಹಾಗೆ ಮಾಡಿದವಳು ಕಾಣದ ಹಾಗೆ ಇರಲಿ," ಎಂದ ಹಿರಿಯ. ಊರಿನವರೆಲ್ಲ ಒಬ್ಬೊಬ್ಬರಾಗಿ ಅವಳ ಮುಂದೆ ಬಂದು, ಅವಳ ಮುಖವನ್ನು ಕಡೆಯ ಸಲ ನೋಡಿ, ಕಣ್ಣು ಇಳಿಸಿ, ಬೆನ್ನು ತಿರುಗಿಸಿ ಹೋದರು. ಇದಕ್ಕೆ ನೋಟ ತೆಗೆಯುವುದು ಎಂದು ಹೆಸರು. ಎಲ್ಲರ ಕೊನೆಗೆ ಅವಳ ಗಂಡ ಬಂದ. ಅವನೂ ನೋಡಿದ, ಇಳಿಸಿದ, ತಿರುಗಿದ. ಅವಳು ಅವನ ಹಿಂದೆ ಮನೆಯವರೆಗೂ ನಡೆದು ಹೋದಳು. ಅವನು ಒಳಗೆ ಹೋಗಿ, ಯಾರೂ ಇಲ್ಲದ ಬೀದಿಗೆ ಬಾಗಿಲು ಹಾಕುವ ಹಾಗೆ ಮೆಲ್ಲಗೆ ಬಾಗಿಲು ಹಾಕಿಕೊಂಡ.

ಅಂದಿನಿಂದ ಅವಳು ಕಾಣದವಳು. ಅಂಥವರು ಊರಲ್ಲಿ ಇನ್ನೂ ಇದ್ದರು. ಎಸೆದದ್ದನ್ನು ತಿಂದು, ಕಟ್ಟೆಯ ಮೇಲೆ, ಗಾಣದ ಹಿಂದೆ, ಬಿದ್ದ ಗೋಡೆಗಳ ನೆರಳಲ್ಲಿ ಇದ್ದರು. ಅವರಿಗೆ ಯಾರೂ ಏನೂ ಕೊಡುವಂತಿರಲಿಲ್ಲ. ಕೊಡಬಾರದೆಂದು ಕಟ್ಟಳೆಯೇನೂ ಇರಲಿಲ್ಲ. ಆದರೆ ಇಲ್ಲದವರಿಗೆ ಕೊಟ್ಟದ್ದನ್ನು ಸಾಕ್ಷಿಗಳು ಕಾಣುವುದು ಹೇಗೆ? ಸಾಕ್ಷಿ ಕಾಣದ ಮೇಲೆ ಅದು ಗುಟ್ಟಿನ ಒಳಿತು. ಕೊಟ್ಟವರೂ ಕಾಣದವರೇ ಆಗುತ್ತಿದ್ದರು.

ಊರಿನ ಮಕ್ಕಳು ಐದು ವರ್ಷದವರೆಗೆ ಏನು ಬೇಕಾದರೂ ನೋಡಬಹುದಿತ್ತು. ಐದು ತುಂಬಿದ ದಿನ ಕೊಳದ ನೀರಿನಲ್ಲಿ ಅವರ ಕಣ್ಣು ತೊಳೆಯುತ್ತಿದ್ದರು. ಹಿರಿಯ ಕಾಣದವರಲ್ಲಿ ಒಬ್ಬರ ಕಡೆಗೆ ಕೈ ತೋರಿಸಿ, "ಅಲ್ಲಿ ಯಾರಿದ್ದಾರೆ?" ಎಂದು ಕೇಳುತ್ತಿದ್ದ. "ಯಾರೂ ಇಲ್ಲ," ಎಂದು ಮಗು ಹೇಳಬೇಕು. ಹೇಳಿದ ಮೇಲೆ ಆ ಮಗುವಿನ ಕಣ್ಣಿಗೆ ಅಲ್ಲಿ ಯಾರೂ ಇರುತ್ತಿರಲಿಲ್ಲ.

ಕಣ್ಣು ತೊಳೆಯದೆ ಆ ಊರಲ್ಲಿ ಬದುಕಿದವಳು ಒಬ್ಬಳೇ. ಅವಳು ಸೂಲಗಿತ್ತಿ. ಏಳು ಬೆಟ್ಟ ದಾಟಿ ಆ ಊರಿಗೆ ಸೊಸೆಯಾಗಿ ಬಂದವಳು. ಬಂದ ದಿನ ಅತ್ತೆ ಅವಳನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಎದುರಿನ ಕಟ್ಟೆಯ ಮೇಲೆ ಕೆಮ್ಮುತ್ತ ಕೂತಿದ್ದ ಒಬ್ಬನ ಕಡೆ ಬೆರಳು ತೋರಿಸಿ, "ಅಲ್ಲಿ ಯಾರಿದ್ದಾರೆ?" ಎಂದು ಕೇಳಿದ್ದಳು. ಹುಡುಗಿ ಅತ್ತೆಯ ಮುಖ ನೋಡಿದಳು. ಆ ಮುಖ ಕಂಡು ಹೆದರಿ, "ಯಾರೂ ಇಲ್ಲ ಅತ್ತೆ," ಎಂದಳು. ಅತ್ತೆ ಸಂತೋಷಪಟ್ಟು ಒಳಗೆ ಕರೆದಳು. ಆದರೆ ಕಣ್ಣು ಮಾತು ಕೇಳಲಿಲ್ಲ. ನಲವತ್ತು ವರ್ಷ ಅವಳು ಎಲ್ಲರನ್ನೂ ಕಂಡಳು, ಏನೂ ಕಾಣಿಸದವಳಂತೆ ನಡೆದಳು. ನೋಟ ಯಾರ ಮೇಲೂ ನಿಲ್ಲಬಾರದು, ಹೆಜ್ಜೆ ಯಾರನ್ನೂ ತುಳಿಯಬಾರದು. ಪಕ್ಕಕ್ಕೆ ಸರಿಯಲು ಒಂದು ನೆಪ ಬೇಕೆಂದು ಮಂಡಿನೋವು ಎಂದು ಹೇಳಿಕೊಂಡು ಕುಂಟಿದಳು. ಗಂಡ ಸತ್ತ ಮೇಲೂ ಕುಂಟಿದಳು. ಒಬ್ಬಳೇ ಇದ್ದಾಗಲೂ ಕುಂಟಿದಳು. ಮರೆತು ನೆಟ್ಟಗೆ ನಡೆದುಬಿಟ್ಟರೆ?

ಒಂದು ಸಂತೆಯ ದಿನ, ನಡು ಮಧ್ಯಾಹ್ನ, ಸಂತೆಯ ನಟ್ಟನಡುವೆ, ಕಾಣದವಳಾದ ಆ ಹೂ ಕಟ್ಟುವವಳಿಗೆ ಹೆರಿಗೆ ನೋವು ಬಂತು.

ಅವಳು ನೆಲಕ್ಕೆ ಕೈಯೂರಿ ಕೂಗಿದಳು. ಸಂತೆ ನಡೆಯುತ್ತಲೇ ಇತ್ತು. ಬದನೆಕಾಯಿಯವಳು ಬದನೆಕಾಯಿ ತೂಗಿದಳು. ಎರಡು ಹೆಂಗಸರು ಸೀರೆಯ ಅಂಚಿನ ಬಣ್ಣ ಮಾತಾಡುತ್ತ ಬಂದು, ನೀರು ಎರಡಾಗಿ ಒಡೆಯುವ ಹಾಗೆ ಒಬ್ಬಳು ಆ ಕಡೆ, ಒಬ್ಬಳು ಈ ಕಡೆ ಹೋಗಿ ಮುಂದೆ ಮತ್ತೆ ಕೂಡಿಕೊಂಡರು. ಮಾತು ತುಂಡಾಗಲಿಲ್ಲ. ಒಬ್ಬರೂ ಎಡವಲಿಲ್ಲ, ನೆಲದ ಮೇಲೆ ಹರಿದ ನೀರಿನಲ್ಲಿ ಒಬ್ಬರ ಕಾಲೂ ಒದ್ದೆಯಾಗಲಿಲ್ಲ. ಸೂಲಗಿತ್ತಿ ಅದನ್ನು ನೋಡಿದಳು. ಇವರಿಗೆಲ್ಲ ಕಾಣುತ್ತದೆ ಎಂದುಕೊಂಡಳು. ಎಲ್ಲರೂ ನನ್ನ ಹಾಗೆಯೇ. ಎಲ್ಲರಿಗೂ ಕಾಣುತ್ತದೆ.

ಮಗು ಅಡ್ಡ ಇತ್ತು. ಹತ್ತು ಹೆಜ್ಜೆ ದೂರದಿಂದಲೇ ಅವಳ ಕಣ್ಣಿಗೆ ಅದು ತಿಳಿಯಿತು. ಕೈ ಹಾಕದಿದ್ದರೆ ಇಬ್ಬರೂ ಉಳಿಯುವುದಿಲ್ಲ. ಕೈ ಹಾಕಿದರೆ ಊರು ಅವಳ ನೋಟ ತೆಗೆಯುತ್ತದೆ, ಆಮೇಲೆ ಊರಿನ ಬಸುರಿಯರಿಗೆ ಸೂಲಗಿತ್ತಿಯೇ ಇಲ್ಲ. ಅವಳು ನಾಲ್ಕು ಹೆಜ್ಜೆ ಕುಂಟಿದಳು. ಐದನೆಯ ಹೆಜ್ಜೆಗೆ, "ಅಯ್ಯಯ್ಯೋ ನನ್ನ ಮಂಡಿ!" ಎಂದು ಕಿರುಚಿ, ಕೂಗುತ್ತಿದ್ದವಳ ಮಗ್ಗುಲಿಗೇ ಬಿದ್ದುಬಿಟ್ಟಳು.

"ಸೂಲಗಿತ್ತಮ್ಮ ಬಿದ್ಲು!" ಎಂದರು ಯಾರೋ. ಹತ್ತು ಜನ ಜಾಗಟೆಯ ಕಡೆ ಓಡಿದರು.

"ಯಾರೂ ಮುಟ್ಟಬೇಡಿ, ನಾನು ಎತ್ತೋದು!"

"ನಿಮ್ಮ ಮನೆಯ ಮೂರು ಹೆರಿಗೆ ಮಾಡಿದ್ದಾಳೆ, ನಮ್ಮ ಮನೆಯದು ಐದು. ಹಕ್ಕು ನಮ್ಮದು."

"ಇವಳು ಭಾರ ಇದ್ದಾಳೆ, ಇಬ್ಬರು ಬೇಕು."

"ಇಬ್ಬರಾದರೆ ಬೊಟ್ಟು ಅರ್ಧರ್ಧ ಆಗತ್ತೆ, ಬೇಡ."

ಜಾಗಟೆ ಮೊಳಗಿತು. ಹಿರಿಯ ಊಟಕ್ಕೆ ಕೂತಿದ್ದ. ಗಾಣದವನು ಎತ್ತು ಬಿಚ್ಚಿ ಬರಬೇಕಿತ್ತು. ಜಗಳ ಬೆಳೆಯಿತು. ಅಷ್ಟು ಹೊತ್ತು ಸೂಲಗಿತ್ತಿ ಮಂಡಿ ಹಿಡಿದುಕೊಂಡವಳಂತೆ ಮುದುಡಿ ಬಿದ್ದಿದ್ದಳು. ಒಂದು ಕೈಯಿಂದ ಮುಖದ ಮೇಲೆ ಸೆರಗು ಎಳೆದುಕೊಂಡು ನರಳುತ್ತಿದ್ದಳು. ಇನ್ನೊಂದು ಕೈ ಮಗುವನ್ನು ತಿರುಗಿಸುತ್ತಿತ್ತು. "ಉಸಿರು ಬಿಡು," ಎಂದಳು ಸೆರಗಿನೊಳಗಿಂದ. "ಈಗ ತಿಣುಕು." ಊರು ಒಳ್ಳೆಯದು ಮಾಡಲು ತೆಗೆದುಕೊಳ್ಳುವ ಹೊತ್ತಿನಲ್ಲಿ ಒಂದು ಮಗು ಹುಟ್ಟಬಹುದಿತ್ತು. ಹುಟ್ಟಿತು. ಹೆಣ್ಣು. ಸೊಂಟದ ಸಂಚಿಯಿಂದ ಚಾಕು ತೆಗೆದು ಹೊಕ್ಕುಳಬಳ್ಳಿ ಕತ್ತರಿಸಿ, ಮಗುವನ್ನು ತಾಯಿಯ ಎದೆಯ ಮೇಲೆ ಇಟ್ಟು, ಕೈಯನ್ನು ತನ್ನ ಸೀರೆಗೇ ಒರೆಸಿಕೊಂಡಳು.

ಆಗ ಮಗು ಅತ್ತಿತು.

ಸಂತೆ ನಿಂತಿತು. ಯಾಕೆಂದರೆ ಈ ಮಗುವಿನ ನೋಟವನ್ನು ಯಾರೂ ತೆಗೆದಿರಲಿಲ್ಲ. ಅದು ಎಲ್ಲರಿಗೂ ಕಾಣುತ್ತಿತ್ತು.

"ಮಗು!" ಎಂದಳು ಬದನೆಕಾಯಿಯವಳು. "ಇಲ್ಲಿ ಯಾರೂ ಇಲ್ಲ, ಬರೀ ಮಗು ಇದೆ."

ಅಷ್ಟರಲ್ಲಿ ಮೂವರು ಸಾಕ್ಷಿಗಳು ಬಂದಿದ್ದರು. ಹಿರಿಯ ಕೋಲೂರಿ ಬಗ್ಗಿ ನೋಡಿದ. "ತಾಯಿಯಿಲ್ಲದ ಮಗು," ಎಂದ. ಜನರಲ್ಲಿ ಒಂದು ಬಿಸಿ ಉಸಿರು ಹರಿಯಿತು. ಅನಾಥ ಮಗುವನ್ನು ಸಾಕುವುದಕ್ಕಿಂತ ದೊಡ್ಡ ಒಳಿತು ಯಾವುದಿದೆ? ನಾನು, ನಾನು ಎಂದು ಕೈಗಳು ಮುಂದೆ ಬಂದವು. ಅಕ್ಕಿ ಮಾರುವವನ ಕೈ ಆಗಲೇ ಮಗುವಿನ ಕಾಲು ಹಿಡಿದಿತ್ತು. ಜನರ ಹಿಂದೆ ಹೂ ಕಟ್ಟುವವಳ ಗಂಡ ನಿಂತಿದ್ದ. ತನ್ನ ಕಾಲಿನ ಉಗುರು ನೋಡುತ್ತಿದ್ದ.

ಸೂಲಗಿತ್ತಿ ಎದ್ದು ನಿಂತಳು. ಮಂಡಿನೋವೆಂದು ಬಿದ್ದವಳನ್ನು ಯಾರೂ ಎತ್ತಲಿಲ್ಲ ಎಂಬುದು ಯಾರಿಗೂ ನೆನಪಿರಲಿಲ್ಲ.

"ಮೊದಲು ಕಂಡವಳು ನಾನು. ನಾನು ಸಾಕ್ತೀನಿ," ಎಂದಳು.

ಬಗ್ಗಿ ಮಗುವನ್ನು ಹಿಡಿದಳು. ತಾಯಿ ಬಿಡಲಿಲ್ಲ. ಸೂಲಗಿತ್ತಿ ಎಳೆದಳು. ಯಾರೂ ಇಲ್ಲದ ಕಡೆಯಿಂದ ಎಳೆದುಕೊಳ್ಳುವಾಗ ತೋಳಿಗೆ ಬಲ ಬರಬಾರದು, ಮುಖಕ್ಕೆ ಬೆವರು ಬರಬಾರದು. ತಾಯಿ ಅವಳ ಮಣಿಕಟ್ಟು ಕಚ್ಚಿದಳು. ಸೂಲಗಿತ್ತಿ ನಕ್ಕಳು. ಹಲ್ಲು ಚರ್ಮದೊಳಗೆ ಇಳಿದಿತ್ತು, ಅವಳು ನಗುತ್ತಲೇ ಇದ್ದಳು. ಬಗ್ಗಿದಾಗ ಮಗುವಿನ ಕಿವಿಗೆ ಹೇಳುವ ಹಾಗೆ, "ಹಿತ್ತಲ ಬಾಗಿಲಿಗೆ ಬಾ," ಎಂದಳು. ಹಿಡಿತ ಸಡಿಲವಾಯಿತು. ಅರ್ಥವಾಗಿ ಬಿಟ್ಟಳೋ, ಶಕ್ತಿ ಮುಗಿದು ಬಿಟ್ಟಳೋ ಗೊತ್ತಾಗಲಿಲ್ಲ.

"ಕಂಡಿರಾ?" ಎಂದಳು ಸೂಲಗಿತ್ತಿ, ಮಗುವನ್ನು ಎತ್ತಿ ಹಿಡಿದು.

"ಕಂಡೆವು," ಎಂದರು ಮೂವರೂ.

ತಾಯಿಯಿಂದ ಮಗುವನ್ನು ಕಿತ್ತುಕೊಂಡದ್ದಕ್ಕೆ ಹಿರಿಯ ಅವಳ ಹಣೆಗೆ ಅಗಲವಾದ ಬೊಟ್ಟು ಇಟ್ಟ. ಆ ಊರಿನಲ್ಲಿ ಅಷ್ಟು ದೊಡ್ಡ ಬೊಟ್ಟನ್ನು ಯಾರೂ ಪಡೆದಿರಲಿಲ್ಲ.

ತಾಯಿ ಮೂರನೆಯ ದಿನ ಹಿತ್ತಲ ಬಾಗಿಲಿಗೆ ಬಂದಳು. ಮಾತಾಡದೆ ಕೈ ಚಾಚಿದಳು. ಮೊಲೆಯುಣಿಸಿ, ಮಾತಾಡದೆ ಮಗುವನ್ನು ಹಿಂದಕ್ಕೆ ಕೊಟ್ಟಳು. ವರ್ಷ ಕಳೆದ ಮೇಲೆ "ದೊಡ್ಡಮ್ಮ" ಎಂದು ಕರೆದಳು. ಮಗು ಒಬ್ಬಳನ್ನು ಅವ್ವ ಎಂದು, ಇನ್ನೊಬ್ಬಳನ್ನು ಅಜ್ಜಿ ಎಂದು ಕರೆಯಲು ಕಲಿಯಿತು. ಬೀದಿಯಲ್ಲಿ "ಅವ್ವ ಎಲ್ಲಿ?" ಎಂದು ಕೇಳಿದರೆ ಜನ ನಗುತ್ತಿದ್ದರು. ಐದು ತುಂಬದ ಮಕ್ಕಳು ಏನೇನೋ ಕಾಣುತ್ತವೆ.

ಸೂಲಗಿತ್ತಿಗೆ ಊರೆಲ್ಲ ಕೈ ಮುಗಿಯುತ್ತಿತ್ತು. ಆ ಕೈಗಳ ನಡುವೆ ಅವಳು ಹೆದರಿ ನಡೆಯುತ್ತಿದ್ದಳು. ದೊಡ್ಡ ಒಳಿತನ್ನು ಆಗಾಗ ನೋಡಬೇಕೆಂದು ಸಾಕ್ಷಿಗಳು ಹೇಳದೆ ಮನೆಗೆ ಬರುತ್ತಿದ್ದರು. ಒಮ್ಮೆ ಬಂದಾಗ ತಾಯಿ ಅಡಿಗೆಮನೆಯಲ್ಲೇ ಕೂತಿದ್ದಳು, ಮಗು ಅವಳ ತೊಡೆಯ ಮೇಲಿತ್ತು. ಹಿರಿಯ ಮಗುವನ್ನು ನೋಡಿದ. ಗಾಣದವನು ಮಗುವನ್ನು ನೋಡಿದ. ಹೊರಡುವಾಗ ನೇಯುವವಳು ಹಿಂದೆ ಉಳಿದು, ಗೋಡೆಯ ಕಡೆ ಮುಖ ಮಾಡಿ, "ನಿನ್ನ ಹಿತ್ತಲ ಬಾಗಿಲು ಕಿರುಗುಟ್ಟತ್ತೆ ಅಕ್ಕ. ಎಣ್ಣೆ ಬಿಡು," ಎಂದಳು.

ಅದು ಬೆದರಿಕೆಯೋ, ಬುದ್ಧಿಮಾತೋ? ಸೂಲಗಿತ್ತಿ ಎಣ್ಣೆ ಬಿಟ್ಟಳು. 

ಮಗುವಿಗೆ ಐದು ತುಂಬುವ ವಾರ ಬಂತು.

"ಯಾರೂ ಇಲ್ಲ ಅನ್ನೋದಕ್ಕೆ ಕಲಿಸು ದೊಡ್ಡಮ್ಮ," ಎಂದಳು ತಾಯಿ.

"ನೀನು ಹೇಳ್ತೀಯಾ ಇದನ್ನ?"

"ನಾನೇ ಹೇಳಬೇಕು. ಇದ್ದಾರೆ ಅಂದರೆ ಅದೇ ಗಳಿಗೆ ಅವಳ ನೋಟ ತೆಗೀತಾರೆ. ಐದು ವರ್ಷದ ಕೂಸು, ಗಾಣದ ಹಿಂದೆ ಮಲಗಬೇಕಾ? ಹಿಂಡಿ ಹೆಕ್ಕಿ ತಿನ್ನಬೇಕಾ?"

"ಹೇಳಿದರೆ ನಿಜವಾಗಿಯೂ ಕಾಣದೆ ಹೋದರೆ?"

"ನೀನು ಹೇಳಿದೆಯಲ್ಲ. ನಿನಗೆ ಕಾಣ್ತಿಲ್ಲವಾ?"

ಸೂಲಗಿತ್ತಿ ಸಂತೆಯ ದಿನವನ್ನು ನೆನೆದಳು. ಒಬ್ಬರೂ ಎಡವಿರಲಿಲ್ಲ. ನೀರು ಏನೂ ಮಾಡುವುದಿಲ್ಲ, ಮಾತೂ ಏನೂ ಮಾಡುವುದಿಲ್ಲ, ಎಲ್ಲ ಬರೀ ನಟನೆ ಎಂದು ತನಗೆ ತಾನೇ ಹೇಳಿಕೊಂಡಳು. ಮಗುವನ್ನು ಕೂರಿಸಿಕೊಂಡು ಕಲಿಸಿದಳು.

"ಅಲ್ಲಿ ಯಾರಿದ್ದಾರೆ?"

"ಅವ್ವ."

"ಅಲ್ಲ ಬಂಗಾರ. ಇದು ಆಟ. ಯಾರೂ ಇಲ್ಲ ಅನ್ನಬೇಕು."

"ಅವ್ವ ಇದ್ದಾಳಲ್ಲ ಅಜ್ಜಿ. ನೋಡು, ನಗ್ತಿದ್ದಾಳೆ."

"ಇದ್ದರೂ ಇಲ್ಲ ಅನ್ನಬೇಕು. ಅದೇ ಆಟ."

"ಕೆಟ್ಟ ಆಟ," ಎಂದಿತು ಮಗು. ಆದರೂ ಕಲಿಯಿತು. ಏಳನೆಯ ಸಲಕ್ಕೆ ತೊದಲಲಿಲ್ಲ. ತಾಯಿ ಚಪ್ಪಾಳೆ ತಟ್ಟಿದಳು.

ಕಣ್ಣು ತೊಳೆಯುವ ಬೆಳಗ್ಗೆ ಊರೆಲ್ಲ ಕೊಳದ ಮೆಟ್ಟಿಲ ಮೇಲೆ ಸೇರಿತ್ತು. ಹಿರಿಯ ಬೊಗಸೆ ನೀರು ತೆಗೆದು ಮಗುವಿನ ಕಣ್ಣಿಗೆ ಚಿಮುಕಿಸಿದ. ಮಗು ರೆಪ್ಪೆ ಬಡಿಯಿತು. ಹಿರಿಯ ಕೋಲನ್ನು ಎತ್ತಿ ಎದುರು ಮೆಟ್ಟಿಲ ಕಡೆ ತೋರಿಸಿದ. ಕೋಲಿನ ತುದಿ ನೆಟ್ಟಗೆ ತಾಯಿಯ ಎದೆಯ ಕಡೆಗಿತ್ತು. ಒಂದು ಬೆರಳಷ್ಟೂ ಆಚೀಚೆ ಇರಲಿಲ್ಲ.

"ಅಲ್ಲಿ ಯಾರಿದ್ದಾರೆ ಮಗಳೇ?"

ಮಗು ತಾಯಿಯನ್ನು ನೋಡಿತು. ತಾಯಿ ಹೇಳು ಎಂದು ತಲೆಯಾಡಿಸಿದಳು. ಮಗು ಸುಮ್ಮನಿತ್ತು. ತಾಯಿ ಕೈ ಜೋಡಿಸಿದಳು.

"ಯಾರೂ ಇಲ್ಲ," ಎಂದಿತು ಮಗು.

"ಕಂಡೆವು," ಎಂದರು ಮೂವರೂ. ಜನ ಸಕ್ಕರೆ ಹಂಚಿದರು. ಸೂಲಗಿತ್ತಿ ಮೆಟ್ಟಿಲ ಮೇಲೇ ಕೂತುಬಿಟ್ಟಳು. ಭಯ ಇಳಿಯುತ್ತಿತ್ತು. ಐದು ವರ್ಷದ ಭಯ ಒಂದೇ ಸಲ ಇಳಿಯುತ್ತಿತ್ತು.

ಮನೆಗೆ ಬರುವಾಗ ತಾಯಿ ಅವರ ಪಕ್ಕದಲ್ಲೇ ನಡೆದಳು. ಮಗು ಅತ್ತ ತಿರುಗಲಿಲ್ಲ. ಎಷ್ಟು ಚೆನ್ನಾಗಿ ಆಡುತ್ತಿದೆ ಎಂದುಕೊಂಡಳು ಸೂಲಗಿತ್ತಿ. ಮನೆ ಸೇರಿದ ಮೇಲೆ, "ಆಟ ಮುಗೀತು ಬಂಗಾರ," ಎಂದಳು.

ತಾಯಿ ನಡುಮನೆಯಲ್ಲಿ ಮಂಡಿಯೂರಿ ಕೂತು ಎರಡೂ ತೋಳು ಚಾಚಿದಳು. ಮಗು ಸಕ್ಕರೆ ನೆಕ್ಕುತ್ತ ನೇರವಾಗಿ ನಡೆದು ಬಂತು. ತೋಳಿನೊಳಗೂ ಬರಲಿಲ್ಲ, ಪಕ್ಕಕ್ಕೂ ಸರಿಯಲಿಲ್ಲ. ನೇರವಾಗಿ ಬಂದು ತಾಯಿಯ ಎದೆಗೆ ಹಣೆ ಬಡಿದು ಹಿಂದಕ್ಕೆ ಬಿತ್ತು. ಬಿದ್ದಲ್ಲಿಂದ ಖಾಲಿ ನಡುಮನೆಯನ್ನು ನೋಡಿತು.

"ಅಜ್ಜಿ, ಏನೋ ತಾಗಿತು," ಎಂದಿತು.

ಆಗ ಸೂಲಗಿತ್ತಿಗೆ ತಿಳಿಯಿತು. ಸಂತೆಯವರು ನಟಿಸಿರಲಿಲ್ಲ. ಮೊದಲು ಕಣ್ಣು ಹೋಗುತ್ತದೆ. ಆಮೇಲೆ ಬಡಿದು, ಬಿದ್ದು, ಯಾರ ಮೇಲೆ ಬಿದ್ದೆವೆಂದು ಕೇಳದೆ, ವರ್ಷಗಳ ಮೇಲೆ ಕಾಲು ಕಲಿಯುತ್ತದೆ. ತನ್ನ ಕಣ್ಣು ಬೇರೆ ನೀರಿನದು. ಅದನ್ನು ನಂಬಿ ಅವಳು ಮಗುವಿನ ಕಣ್ಣನ್ನು ಕೊಟ್ಟುಬಿಟ್ಟಿದ್ದಳು, ತನ್ನ ಕೈಯಾರೆ, ಏಳು ಸಲ ಹೇಳಿಕೊಟ್ಟು.

ತಾಯಿ ಮಗುವನ್ನು ಎತ್ತಲು ಹೋದಳು. ಗಾಳಿಯಿಂದ ಬಂದ ಕೈಗಳು ಕಂಕುಳ ಹಿಡಿದದ್ದೇ ಮಗು ಚೀರಿತು. ಕಾಲು ಒದೆಯಿತು. "ಅಜ್ಜಿ, ಹಿಡ್ಕೊಳ್ತಿದೆ! ಅದು ನನ್ನನ್ನ ಹಿಡ್ಕೊಳ್ತಿದೆ!" ಇಷ್ಟು ವರ್ಷ ಯಾರೂ ನೋಡದಿದ್ದಾಗಲೂ ಅಳದಿದ್ದ ತಾಯಿ ಕೈ ಹಿಂದಕ್ಕೆ ತೆಗೆದುಕೊಂಡು ಗೋಡೆಗೆ ಒರಗಿ ಅತ್ತಳು.

"ಕಣ್ಣು ಮುಚ್ಚು," ಎಂದಳು ಸೂಲಗಿತ್ತಿ.

"ಹೆದರಿಕೆ ಆಗತ್ತೆ."

"ಕಣ್ಣು ಬಿಟ್ಟಿದ್ದಕ್ಕೇ ಹೆದರಿಕೆ. ಗಟ್ಟಿಯಾಗಿ ಮುಚ್ಚು."

ಮಗು ಮುಚ್ಚಿತು. ಸೂಲಗಿತ್ತಿ ಅದರ ಕೈ ಹಿಡಿದು ತಾಯಿಯ ಅಂಗೈಯ ಮೇಲೆ ಇಟ್ಟಳು. ಮಗುವಿನ ಬೆರಳು ಒಂದು ಸಲ ಹಿಂದಕ್ಕೆ ಬಂತು. ಮತ್ತೆ ಹೋಯಿತು. ನಾರು ಎಳೆದು ಎಳೆದು ಬೆರಳ ಸಂದಿಯಲ್ಲಿ ಗಟ್ಟಿಯಾದ ಗೀರುಗಳನ್ನು ಮುಟ್ಟಿತು.

"ಇದು ಯಾರ ಕೈ?" ಎಂದಿತು.

ಹೇಳಿದರೆ ಮಗು ನಾಳೆ ಬೀದಿಯಲ್ಲಿ ಹೇಳುತ್ತದೆ. ಈಗ ಅದಕ್ಕೆ ಐದು ತುಂಬಿದೆ, ಇನ್ನು ಯಾರೂ ನಗುವುದಿಲ್ಲ. ಹೇಳದಿದ್ದರೆ ಈ ಕೈ ಇನ್ನು ಮುಂದೆ ಬರೀ ಭೂತ. ಎರಡರಲ್ಲಿ ಯಾವುದು ಒಳ್ಳೆಯದೆಂದು ಹೇಳಲು ಅಲ್ಲಿ ಮೂವರು ಸಾಕ್ಷಿಗಳು ಇರಲಿಲ್ಲ.

"ನಿಮ್ಮವ್ವಂದು," ಎಂದಳು.

ತಲೆ ಎತ್ತಿದಾಗ ಬೀದಿ ಬಾಗಿಲು ತೆರೆದೇ ಇತ್ತು. ಹೊಸ್ತಿಲಲ್ಲಿ ನೇಯುವವಳು ಸಕ್ಕರೆಯ ತಟ್ಟೆ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳ ಹಿಂದೆ, ಬೀದಿಯಲ್ಲಿ, ಕೋಲಿನ ಸದ್ದು ಹತ್ತಿರವಾಗುತ್ತಿತ್ತು.

ನೇಯುವವಳು ತಟ್ಟೆಯನ್ನು ಒಳಗೆ ನೆಲದ ಮೇಲಿಟ್ಟಳು. ಯಾರ ಮುಖವನ್ನೂ ನೋಡದೆ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡಳು. ಬಾಗಿಲಿಗೆ ಅವಳ ಬೆನ್ನು ಒರಗಿದ್ದು ಒಳಗೆ ಕೇಳಿಸಿತು. ಸೂಲಗಿತ್ತಿ ಹೋಗಿ ಒಳಗಿನಿಂದ ಬಾಗಿಲಿಗೆ ಅಂಗೈ ಒತ್ತಿದಳು.

"ಮಗು ಚೀರಿತಲ್ಲ," ಎಂದಿತು ಹಿರಿಯನ ದನಿ. "ಒಳಗೆ ಯಾರಿದ್ದಾರೆ?"

"ಅಜ್ಜಿ, ಮೊಮ್ಮಗಳು. ಬಿದ್ದು ಹಣೆ ತಗುಲಿಸ್ಕೊಂಡಿದೆ. ಇನ್ಯಾರಿರ್ತಾರೆ ಯಜಮಾನ್ರೇ?"

"ನೀನು ಕಂಡೆಯಾ?"

"ಕಂಡೆ."

ಅವಳ ದನಿ ನಡುಗಿತು. ಆ ನಡುಕ ಬಾಗಿಲ ಹಲಗೆಯಲ್ಲಿ ಇಳಿದು ಸೂಲಗಿತ್ತಿಯ ಅಂಗೈಗೆ ತಾಗಿತು. ಹೊರಗೆ ಕೋಲಿನ ಸದ್ದಿಲ್ಲ. ಹಿರಿಯ ಹೋದನೋ, ಅಲ್ಲೇ ನಿಂತು ನೇಯುವವಳ ಮುಖ ನೋಡುತ್ತಿದ್ದಾನೋ ತಿಳಿಯಲಿಲ್ಲ. ಒಳಗೆ ಮಗು ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡು, ತಾಯಿಯ ಗಲ್ಲದಿಂದ ತುಟಿಗೆ, ತುಟಿಯಿಂದ ಮೂಗಿಗೆ, ಒದ್ದೆಯಾದ ರೆಪ್ಪೆಗೆ ಒಂದೊಂದೇ ಬೆರಳಾಗಿ ಹತ್ತುತ್ತಿತ್ತು.